ಬರೆದ ವ್ಯಾಟು, ಉರಿದ ವ್ಯಾಟು: ಮನೆಯ ಗೇಮ್ ಕನ್ಸೋಲ್‌ನ ವಿದ್ಯುತ್ತು ಮತ್ತು ತಯಾರಿಕಾ ವೆಚ್ಚ



ವಿಜ್ಞಾನ ಮತ್ತು ಜನಜೀವನ ಕೂಡುವ ಯಾವುದಾದರೂ ವಿಷಯದ ಮೇಲೆ ಮಾತನಾಡಬೇಕೆಂದು ಈ ಉಪನ್ಯಾಸದ ದತ್ತಿಯ ಆಶಯವಿದೆ. ನಾನು ಆರಿಸಿಕೊಂಡಿರುವುದು ನಿಮ್ಮಲ್ಲಿ ಅನೇಕರ ಮನೆಯ ಟಿವಿಯ ಕೆಳಗೆ ಕುಳಿತಿರುವ ಒಂದು ಕಪ್ಪು ಪೆಟ್ಟಿಗೆ. ಅದು ವಿಡಿಯೋ ಗೇಮ್ ಕನ್ಸೋಲ್. ಆಟ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಇಂದಿನದಲ್ಲ. ಅದನ್ನು ಮಾಡಬಲ್ಲವರು ಮನಶ್ಶಾಸ್ತ್ರಜ್ಞರು. ನಾನು ಭೌತಶಾಸ್ತ್ರ ಪಾಠ ಮಾಡಿದವನು. ಆ ಪೆಟ್ಟಿಗೆಗೆ ಸಂಬಂಧಿಸಿದ ಎರಡು ಸಂಖ್ಯೆಗಳ ಬಗ್ಗೆ ಮಾತ್ರ ಮಾತನಾಡುತ್ತೇನೆ. ಒಂದು, ಅದರ ಮೇಲೆ ಅಚ್ಚಾಗಿರುವ ವ್ಯಾಟು. ಇನ್ನೊಂದು, ಅದನ್ನು ಕಾರ್ಖಾನೆಯಲ್ಲಿ ಮಾಡಲು ತಗಲುವ ಖರ್ಚು.

ಅಚ್ಚಾದ ವ್ಯಾಟಿಗೂ ನಿಜವಾಗಿ ಉರಿಯುವ ವ್ಯಾಟಿಗೂ ಅಂತರವಿದೆ. ಅಂಗಡಿಯ ಬೆಲೆಗೂ ತಯಾರಿಕೆಯ ಖರ್ಚಿಗೂ ಅಂತರವಿದೆ. ಈ ಎರಡು ಅಂತರಗಳ ಬೇರು ಒಂದೇ ಕಡೆ, ಪೆಟ್ಟಿಗೆಯೊಳಗಿನ ಬೆರಳುಗುರಿನಷ್ಟಗಲದ ಸಿಲಿಕಾನ್ ಚೂರಿನಲ್ಲಿ, ಇದೆ ಎಂಬುದನ್ನು ತೋರಿಸುವುದು ನನ್ನ ಉದ್ದೇಶ. ಮೊದಲು ವ್ಯಾಟನ್ನು ನಮ್ಮ ಊರಿನ ಮೀಟರಿನ ಲೆಕ್ಕದಲ್ಲಿ ನೋಡೋಣ. ಆಮೇಲೆ ಖರ್ಚಿಗೆ ಹೋಗೋಣ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ಕೊನೆಗೆ ಇಂಥ ಯಂತ್ರ ನಮ್ಮಲ್ಲೇ ಏಕೆ ಆಗಲಿಲ್ಲ ಎಂಬ ಪ್ರಶ್ನೆಯನ್ನು ಬೆಂಗಳೂರಿನ ಒಂದು ಉದಾಹರಣೆಯ ಮೂಲಕ ಎತ್ತುತ್ತೇನೆ.

ಹಿನ್ನೆಲೆಯಾಗಿ ಒಂದೆರಡು ಮಾತು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಇದಕ್ಕೆ ‘ಟಿವಿ ಗೇಮ್’ ಎಂದೇ ಹೆಸರು. ದುಬೈ, ಮಸ್ಕತ್, ದಮ್ಮಾಮ್‌ಗಳಿಂದ ರಜೆಯಲ್ಲಿ ಬಂದವರ ಪೆಟ್ಟಿಗೆಗಳಲ್ಲಿ ಅದು ಬರುತ್ತಿತ್ತು. ‘ಲಿಟಲ್ ಮಾಸ್ಟರ್’ ಎಂಬ ಹೆಸರಿನದು ಅಂಗಡಿಗಳಲ್ಲೂ ಸಿಗುತ್ತಿತ್ತು. ಆಟದ ಕಾರ್ಟ್ರಿಡ್ಜನ್ನು ಮಕ್ಕಳು ಕ್ಯಾಸೆಟ್ ಎನ್ನುತ್ತಿದ್ದರು. ಅವೆಲ್ಲ ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈ 15ರಂದು 14,800 ಯೆನ್‌ಗೆ ಮಾರುಕಟ್ಟೆಗೆ ತಂದ ಫ್ಯಾಮಿಕಾಮ್ ಎಂಬ ಯಂತ್ರದ ನಕಲುಗಳು. ಮೂಲ ಫ್ಯಾಮಿಕಾಮ್‌ನ ಅಡಾಪ್ಟರ್ 10 ವೋಲ್ಟ್, 850 ಮಿಲಿಆಂಪಿಯರ್. ಗುಣಿಸಿದರೆ ಎಂಟೂವರೆ ವ್ಯಾಟು. ಈಗ ಮನೆಯಲ್ಲಿ ಹಾಕುವ ಒಂದು ಎಲ್ಇಡಿ ಬಲ್ಬಿಗೆ ಅಷ್ಟು ಬೇಕು. ಇಪ್ಪತ್ತಮೂರು ವರ್ಷ ಕಳೆದ ಮೇಲೆ, 2006ರ ನವೆಂಬರಿನಲ್ಲಿ, ಸೋನಿ ಕಂಪನಿ ಪ್ಲೇಸ್ಟೇಷನ್ 3 ಎಂಬ ಯಂತ್ರವನ್ನು ಬಿಡುಗಡೆ ಮಾಡಿತು. ಅದರ ಮೇಲೆ ನಮೂದಾಗಿದ್ದ ಅಂಕಿ 380 ವ್ಯಾಟು. ಇಂದಿನ ಉಪನ್ಯಾಸದ ನಡುಗಂಬ ಈ ಪ್ಲೇಸ್ಟೇಷನ್ 3. ವಿದ್ಯುತ್ತಿನ ಕಥೆಯೂ ಖರ್ಚಿನ ಕಥೆಯೂ ಅದರಲ್ಲಿ ಸಿಗುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದಿಲ್ಲ.

ಈಗ ಮೊದಲ ಭಾಗ.

380 ವ್ಯಾಟು ಎಂದು ಬರೆದಿದ್ದರೆ ಅದರ ಅರ್ಥವೇನು? ಮನೆಯ ತಾರಸಿಯ ಮೇಲಿನ ಟ್ಯಾಂಕಿಗೆ ಸಾವಿರ ಲೀಟರ್ ಎಂದು ಬರೆದಿದ್ದರೆ ನಾವು ದಿನಕ್ಕೆ ಸಾವಿರ ಲೀಟರ್ ಖರ್ಚು ಮಾಡುತ್ತೇವೆಂದು ಯಾರೂ ತಿಳಿಯುವುದಿಲ್ಲ. ಕನ್ಸೋಲ್‌ನ ವ್ಯಾಟೂ ಹಾಗೆಯೇ. ಅದು ಒಳಗಿನ ಪವರ್ ಸಪ್ಲೈ ಅತಿ ಹೆಚ್ಚೆಂದರೆ ಎಷ್ಟನ್ನು ಎಳೆಯಬಹುದು ಎಂಬ ಮಿತಿ. ಡಿಸ್ಕಿನ ಮೋಟರ್ ತಿರುಗಲು ಆರಂಭಿಸುವ ಕ್ಷಣ, ಫ್ಯಾನ್ ಪೂರ್ಣ ವೇಗದಲ್ಲಿ ಓಡುವ ಹೊತ್ತು, ಯುಎಸ್‌ಬಿ ಕಿಂಡಿಗಳಿಗೆಲ್ಲ ಏನಾದರೂ ಸಿಕ್ಕಿಸಿದ ಸ್ಥಿತಿ, ಸೆಕೆಗಾಲದ ಮಧ್ಯಾಹ್ನ, ಹಳತಾದ ಬಿಡಿಭಾಗ ಎಲ್ಲವೂ ಒಟ್ಟಿಗೆ ಬಂದರೂ ಸಪ್ಲೈ ಸುಡಬಾರದು ಎಂದು ಎಂಜಿನಿಯರುಗಳು ಇಟ್ಟ ಅಂಚು ಅದು. ಇನ್ನೊಂದು ಕಾರಣವೂ ಇದೆ. ಇಂಥ ಸಪ್ಲೈಗಳು ತಮ್ಮ ಸಾಮರ್ಥ್ಯದ ಅರ್ಧದ ಆಸುಪಾಸಿನಲ್ಲಿ ಕೆಲಸ ಮಾಡುವಾಗ ಎಳೆದದ್ದರಲ್ಲಿ ಅತಿ ಕಡಿಮೆ ಪಾಲನ್ನು ಪೋಲು ಮಾಡುತ್ತವೆ. ಪ್ಲೇಸ್ಟೇಷನ್ 3ರ ಮೊದಲ ಮಾದರಿ ಆಟದ ವೇಳೆಯಲ್ಲಿ ನಿಜವಾಗಿ ಎಳೆಯುತ್ತಿದ್ದುದು 200 ವ್ಯಾಟಿನ ಆಸುಪಾಸು. ಬರೆದದ್ದರ ಅರ್ಧಕ್ಕಿಂತ ತುಸು ಹೆಚ್ಚು.

ಇದನ್ನು ನಮಗೆ ಕರೆಂಟು ಕೊಡುವ ಮೆಸ್ಕಾಂ ಕಂಪನಿಯ ಬಿಲ್ಲಿನ ಭಾಷೆಗೆ ತರೋಣ. ದಿನಕ್ಕೆ ಎರಡು ಗಂಟೆ ಆಡಿದರೆ 200 ವ್ಯಾಟಿನ ಯಂತ್ರ ತಿಂಗಳಿಗೆ 12 ಯೂನಿಟ್ ತಿನ್ನುತ್ತದೆ. ಯೂನಿಟ್ಟಿಗೆ ಸುಮಾರು 6 ರೂಪಾಯಿ ಹಿಡಿದರೆ 72 ರೂಪಾಯಿ. ಮೇಲೆ ಬರೆದ 380ನ್ನೇ ನಂಬಿ ಲೆಕ್ಕ ಹಾಕಿದರೆ 22.8 ಯೂನಿಟ್, ಅಂದರೆ ಹತ್ತಿರ ಹತ್ತಿರ ಇಮ್ಮಡಿ, ಬರುತ್ತದೆ. ಇಷ್ಟು ಸಣ್ಣ ಮೊತ್ತಕ್ಕೆ ಏಕೆ ಲೆಕ್ಕ ಎಂದು ಕೇಳಬಹುದು. ಗೃಹಜ್ಯೋತಿ ಯೋಜನೆ ಬಂದ ಮೇಲೆ ಈ ಲೆಕ್ಕಕ್ಕೆ ಬೇರೆಯೇ ತೂಕ ಬಂದಿದೆ. 2023ರಲ್ಲಿ ಜಾರಿಯಾದ ಆ ಯೋಜನೆಯಲ್ಲಿ ಪ್ರತಿ ಅರ್ಹ ಮನೆಗೂ ಹಿಂದಿನ ಬಳಕೆಯ ಸರಾಸರಿಯ ಮೇಲೆ ಉಚಿತ ಯೂನಿಟ್ಟುಗಳ ಒಂದು ಮಿತಿ ನಿಗದಿಯಾಗಿದೆ. ಅದನ್ನು ದಾಟಿದರೆ ಹೆಚ್ಚುವರಿಗೆ ಹಣ ಕೊಡಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕು. 190 ಯೂನಿಟ್ಟಿನ ಅಂಚಿನಲ್ಲಿ ನಿಂತಿರುವ ಮನೆಗೆ 12 ಯೂನಿಟ್ಟಿನ ಹೊಸ ಯಂತ್ರ ಬಂದರೆ ಏರುವುದು 72 ರೂಪಾಯಿಯಲ್ಲ, ಪೂರ್ತಿ ಬಿಲ್ಲು.

ಇದಕ್ಕಿಂತ ಗಂಭೀರವಾದದ್ದು ಆಡದೆ ಉರಿಯುವ ವಿದ್ಯುತ್ತು. 2008ರಲ್ಲಿ ಅಮೆರಿಕದ ಎನ್ಆರ್‌ಡಿಸಿ ಎಂಬ ಪರಿಸರ ಸಂಸ್ಥೆ ಕನ್ಸೋಲ್‌ಗಳನ್ನು ಅಳೆದು ಒಂದು ವರದಿ ಪ್ರಕಟಿಸಿತು. ಆ ಹೊತ್ತಿನ ಪ್ಲೇಸ್ಟೇಷನ್ 3 ಸುಮಾರು 150 ವ್ಯಾಟು, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಸುಮಾರು 119 ವ್ಯಾಟು, ನಿಂಟೆಂಡೊ ವೀ ಕೇವಲ 16 ವ್ಯಾಟು ಎಳೆಯುತ್ತಿದ್ದವು. ವರದಿಯ ಮುಖ್ಯ ಮಾತು ಮಾತ್ರ ಬೇರೆ. ಆಟ ನಿಲ್ಲಿಸಿ, ಯಂತ್ರವನ್ನು ಆರಿಸದೆ ಹಾಗೆಯೇ ಬಿಟ್ಟರೂ ಪ್ಲೇಸ್ಟೇಷನ್ ಅಷ್ಟೇ ವಿದ್ಯುತ್ತನ್ನು ಎಳೆಯುತ್ತಿತ್ತು. ಅಮೆರಿಕದ ಎಲ್ಲ ಕನ್ಸೋಲ್‌ಗಳು ಸೇರಿ ವರ್ಷಕ್ಕೆ 1,600 ಕೋಟಿ ಯೂನಿಟ್ ಬಳಸುತ್ತಿವೆ ಎಂದು ಆ ವರದಿ ಅಂದಾಜಿಸಿತು. ನಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ, 150 ವ್ಯಾಟಿನ ಯಂತ್ರವನ್ನು ಹಗಲುರಾತ್ರಿ ಆರಿಸದೆ ಬಿಟ್ಟರೆ ತಿಂಗಳಿಗೆ 108 ಯೂನಿಟ್. ಟಿವಿ ಆರಿಸಿದರೆ ಗೇಮೂ ಆರಿತು ಎಂದು ತಿಳಿದಿರುವ ಮಕ್ಕಳಿದ್ದಾರೆ, ದೊಡ್ಡವರೂ ಇದ್ದಾರೆ. ತಂದೆತಾಯಂದಿರು ಇಂದು ಮನೆಗೆ ಹೋದ ಮೇಲೆ ಒಮ್ಮೆ ನೋಡಬೇಕಾದ ಸಂಗತಿ ಇದು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ನಮ್ಮ ಮೂರು ತಾಲೂಕುಗಳಿಗೆ ವಿಶೇಷವಾದ ಕೆಲವು ಸಂಗತಿಗಳಿವೆ. ಮಾರ್ಚ್, ಏಪ್ರಿಲಿನಲ್ಲಿ ಅಡಿಕೆ ತೋಟಗಳ ಪಂಪುಗಳೆಲ್ಲ ಓಡುವಾಗ ಲೈನಿನ ತುದಿಯ ಮನೆಗಳಲ್ಲಿ ವೋಲ್ಟೇಜು ಕುಸಿಯುತ್ತದೆ. ಹಳೆಯ ಬಲ್ಬು ಆಗ ಮಂಕಾಗುತ್ತಿತ್ತು, ಅಂದರೆ ಕಡಿಮೆ ವಿದ್ಯುತ್ತು ಎಳೆಯುತ್ತಿತ್ತು. ಕನ್ಸೋಲ್‌ನ ಸಪ್ಲೈ ಹಾಗೆ ಮಾಡುವುದಿಲ್ಲ. ಒಳಗಿನ ಚಿಪ್ಪಿಗೆ ಬೇಕಾದಷ್ಟನ್ನು ಕೊಡಲೇಬೇಕಾದ್ದರಿಂದ ವೋಲ್ಟೇಜು ಇಳಿದಂತೆ ಅದು ಹೆಚ್ಚು ಆಂಪಿಯರ್ ಎಳೆಯುತ್ತದೆ. 200 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ 0.87 ಆಂಪಿಯರ್ ಎಳೆದರೆ 170 ವೋಲ್ಟಿನಲ್ಲಿ 1.18 ಆಂಪಿಯರ್ ಎಳೆಯುತ್ತದೆ. ಸಪ್ಲೈ ಬಿಸಿಯಾಗುವುದು ಇಲ್ಲಿ. ಮೇಲೆ ಹೇಳಿದ 380ರ ಅಂಚು ಇಂಥ ದಿನಗಳಿಗಾಗಿಯೇ ಇರುವುದು.

ಪರದೇಶದ ಸಾಮಾನಿನ ಬಗ್ಗೆಯೂ ಎಚ್ಚರ ಬೇಕು. ಸೌದಿ ಅರೇಬಿಯದ ಮನೆಗಳಲ್ಲಿ ಬಹುಕಾಲ 127 ವೋಲ್ಟು ಇತ್ತು. ಅಮೆರಿಕದಲ್ಲಿ ಇಂದಿಗೂ 120. ಎಕ್ಸ್‌ಬಾಕ್ಸ್ 360ರ ಹೊರಗಿನ ಸಪ್ಲೈ ಆಯಾ ದೇಶದ ವೋಲ್ಟೇಜಿಗೆ ಮಾತ್ರ ಮಾಡಿದ್ದಾಗಿತ್ತು. ಅಮೆರಿಕದ್ದನ್ನು ತಂದು ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಿದರೆ ಆ ಸಪ್ಲೈ ಉಳಿಯುವುದಿಲ್ಲ. ಅಣ್ಣನೋ ಮಾವನೋ ಪ್ರೀತಿಯಿಂದ ಕಳಿಸಿಕೊಟ್ಟದ್ದನ್ನು ಸ್ವಿಚ್ ಹಾಕುವ ಮೊದಲು ಅದರ ಮೇಲೆ ‘100–240’ ಎಂದಿದೆಯೇ ಎಂದು ಓದುವುದು ಅಗತ್ಯ.

ಇನ್ನು ಸಿಡಿಲು. ಮುಂಗಾರಿನ ಮೊದಲು ಮತ್ತು ತುಲಾ ಮಾಸದ ಸಂಜೆಗಳಲ್ಲಿ ಘಟ್ಟದ ಬುಡದ ಊರುಗಳಿಗೆ ಅದು ಹೊಸತಲ್ಲ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ನಿಂತಿರುತ್ತದೆ. ಅರ್ತಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ನೀರು ಬಿಡದಿದ್ದರೆ ಅರ್ತಿಂಗ್ ಇದ್ದೂ ಇಲ್ಲದಂತೆ. ಗುಡುಗು ಕೇಳಿದೊಡನೆ ಪ್ಲಗ್ ಕೀಳುವ ಹಿರಿಯರ ಅಭ್ಯಾಸಕ್ಕಿಂತ ಉತ್ತಮವಾದ ರಕ್ಷಣೆಯನ್ನು ನಾನು ಕಾಣೆ. ಕೇಬಲ್ ಟಿವಿಯ ವಯರನ್ನೂ ಇಂಟರ್ನೆಟ್ಟಿನ ವಯರನ್ನೂ ಕೀಳಬೇಕು ಎಂದಷ್ಟೇ ಅದಕ್ಕೆ ಸೇರಿಸುತ್ತೇನೆ.

ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದಾಗ ಇನ್ವರ್ಟರಿನ ಮೇಲೆ ಗೇಮ್ ಓಡಿಸಬಹುದೇ ಎಂದು ಅನೇಕ ಹುಡುಗರು ಕೇಳುತ್ತಾರೆ. 12 ವೋಲ್ಟಿನ 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಹೆಸರಿಗೆ 1.8 ಯೂನಿಟ್ ಇದೆ. ನಿಜವಾಗಿ ಕೈಗೆ ಸಿಗುವುದು 1.2ರ ಆಸುಪಾಸು ಎನ್ನೋಣ. ನೂರು ವ್ಯಾಟಿನ ಟಿವಿ, ಇನ್ನೂರು ವ್ಯಾಟಿನ ಹಳೆಯ ಪ್ಲೇಸ್ಟೇಷನ್ ಸೇರಿದರೆ ನಾಲ್ಕು ಗಂಟೆಗೆ ಬ್ಯಾಟರಿ ಖಾಲಿ. ರಾತ್ರಿ ಫ್ಯಾನ್ ಇಲ್ಲ, ದೀಪವಿಲ್ಲ. ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಕೆಲವು ಮನೆಗಳವರು ತೊರೆಯ ನೀರಿನಿಂದ ಸಣ್ಣ ಟರ್ಬೈನ್ ತಿರುಗಿಸಿ ತಮ್ಮ ಕರೆಂಟನ್ನು ತಾವೇ ಮಾಡಿಕೊಳ್ಳುತ್ತಾರೆ. ಅಂಥ ಮನೆಗಳವರಿಗೆ ಪ್ರತಿ ಉಪಕರಣದ ವ್ಯಾಟು ಬಾಯಲ್ಲೇ ಇರುತ್ತದೆ. ನೀರು ಎಷ್ಟೋ ಅಷ್ಟೇ ಕರೆಂಟು ಎಂಬುದು ಅವರ ನಿತ್ಯದ ಅನುಭವ. ತಂತಿಯಲ್ಲಿ ಬರುವ ಕರೆಂಟನ್ನು ಬಳಸುವ ನಾವೂ ಆ ಜ್ಞಾನವನ್ನು ಅವರಿಂದ ಕಲಿಯಬೇಕು.

ಇಲ್ಲಿಗೆ ವ್ಯಾಟಿನ ಮಾತು ಅರ್ಧ ಮುಗಿಯಿತು. ಉಳಿದರ್ಧವನ್ನು ಖರ್ಚಿನ ಜೊತೆಯಲ್ಲಿ ಹೇಳಬೇಕು. ಎರಡನೆಯ ಭಾಗಕ್ಕೆ ಬರುತ್ತೇನೆ.

2006ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 3 ಅಮೆರಿಕದ ಅಂಗಡಿಗೆ ಬಂದಾಗ 60 ಜಿಬಿ ಮಾದರಿಯ ಬೆಲೆ 599 ಡಾಲರ್, 20 ಜಿಬಿಯದ್ದು 499. ಐಸಪ್ಲೈ ಎಂಬ ಸಂಶೋಧನಾ ಸಂಸ್ಥೆ ಯಂತ್ರವನ್ನು ಬಿಚ್ಚಿ, ಒಳಗಿನ ಒಂದೊಂದು ಭಾಗಕ್ಕೂ ಬೆಲೆ ಕಟ್ಟಿ, ಜೋಡಣೆಯ ಖರ್ಚನ್ನೂ ಸೇರಿಸಿ ಒಂದು ಅಂದಾಜು ಕೊಟ್ಟಿತು. ದೊಡ್ಡ ಮಾದರಿಗೆ 840 ಡಾಲರ್ 35 ಸೆಂಟು. ಸಣ್ಣದಕ್ಕೆ 805 ಡಾಲರ್ 85 ಸೆಂಟು. ಅಂದರೆ ದೊಡ್ಡ ಪೆಟ್ಟಿಗೆ ಒಂದೊಂದು ಮಾರಾಟವಾದಾಗಲೂ 240 ಡಾಲರಿಗೂ ಹೆಚ್ಚು ನಷ್ಟ, ಸಣ್ಣದರ ಮೇಲೆ 300ಕ್ಕೂ ಹೆಚ್ಚು. ಸಾಗಣೆ, ಜಾಹೀರಾತು, ಅಂಗಡಿಯವರ ಲಾಭ ಇದರಲ್ಲಿ ಸೇರಿಲ್ಲ. ಇದು ಹೊರಗಿನವರ ಅಂದಾಜು, ಕಂಪನಿಯ ಲೆಕ್ಕಪತ್ರವಲ್ಲ. ಆದರೆ 2007ರ ಮಾರ್ಚಿಗೆ ಮುಗಿದ ವರ್ಷದಲ್ಲಿ ತನ್ನ ಗೇಮ್ ವಿಭಾಗಕ್ಕೆ 23,230 ಕೋಟಿ ಯೆನ್ ನಷ್ಟವಾಯಿತೆಂದು ಸೋನಿ ತಾನೇ ಪ್ರಕಟಿಸಿದಾಗ ಅಂದಾಜಿನ ದಿಕ್ಕು ಸರಿಯಾಗಿತ್ತೆಂದು ಎಲ್ಲರಿಗೂ ತಿಳಿಯಿತು.

ಹಣ ಹೋದದ್ದು ಎಲ್ಲಿಗೆ? ಐಸಪ್ಲೈ ಪಟ್ಟಿಯಲ್ಲಿ ಚಿತ್ರ ಬಿಡಿಸುವ ಎನ್ವಿಡಿಯ ಚಿಪ್ಪಿಗೆ 129 ಡಾಲರ್. ಬ್ಲೂ-ರೇ ಡಿಸ್ಕ್ ಓದುವ ಡ್ರೈವಿಗೆ 125. ಆಗ ನೀಲಿ ಲೇಸರಿನ ಡಯೋಡ್ ಎಷ್ಟು ದುರ್ಲಭವಾಗಿತ್ತೆಂದರೆ ಯುರೋಪಿನ ಬಿಡುಗಡೆಯನ್ನೇ 2007ರ ಮಾರ್ಚಿಗೆ ಮುಂದೂಡಬೇಕಾಯಿತು. ಸೋನಿ, ತೋಷಿಬಾ, ಐಬಿಎಂ ಮೂರೂ ಸೇರಿ ವರ್ಷಗಟ್ಟಲೆ ದುಡಿದು ರೂಪಿಸಿದ ‘ಸೆಲ್’ ಎಂಬ ಮುಖ್ಯ ಚಿಪ್ಪಿಗೆ 89. ಹಿಂದಿನ ಪ್ಲೇಸ್ಟೇಷನ್ 2ರ ಆಟಗಳೂ ಓಡಲಿ ಎಂದು ಒಳಗೆ ಕೂರಿಸಿದ್ದ ಹಳೆಯ ಚಿಪ್ಪಿಗೆ 27. ಈ ಕೊನೆಯದು ನನಗೆ ಪ್ರಿಯವಾದದ್ದು. ಹಳೆಯ ಆಟಗಳಿಗೂ ಜಾಗವಿರಲಿ ಎಂದು ಖರ್ಚು ಮಾಡಿದ್ದರು. ಖರ್ಚು ಇಳಿಸಬೇಕಾಗಿ ಬಂದಾಗ ಮೊದಲು ಹೋದದ್ದೂ ಅದೇ.

ಸೆಲ್ ಚಿಪ್ಪನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವ್ಯಾಟು ಮತ್ತು ಖರ್ಚು ಒಂದಾಗುವುದು ಇಲ್ಲಿ.

ಚಿಪ್ಪುಗಳನ್ನು 300 ಮಿಲಿಮೀಟರ್ ವ್ಯಾಸದ ತೆಳ್ಳಗಿನ ಸಿಲಿಕಾನ್ ಬಿಲ್ಲೆಯ ಮೇಲೆ ಅಚ್ಚು ಹಾಕಿ, ಆಮೇಲೆ ಕತ್ತರಿಸುತ್ತಾರೆ. ಬಿಲ್ಲೆಯೊಂದರ ಖರ್ಚು ಹೆಚ್ಚುಕಡಿಮೆ ಒಂದೇ. ಅದರಿಂದ ಎಷ್ಟು ಒಳ್ಳೆಯ ಚಿಪ್ಪು ಸಿಗುತ್ತದೆ ಎಂಬುದರ ಮೇಲೆ ಒಂದು ಚಿಪ್ಪಿನ ಬೆಲೆ ನಿಂತಿದೆ. ಮೊದಲ ಸೆಲ್‌ನ ವಿಸ್ತೀರ್ಣ ಸುಮಾರು 235 ಚದರ ಮಿಲಿಮೀಟರ್. ಬಿಲ್ಲೆಯ ವಿಸ್ತೀರ್ಣವನ್ನು ಅದರಿಂದ ಭಾಗಿಸಿದರೆ, ಅಂಚಿನ ನಷ್ಟ ಕಳೆಯುವ ಮೊದಲು, ಸುಮಾರು ಮುನ್ನೂರು ಚಿಪ್ಪು. ಬಿಲ್ಲೆಯ ಮೇಲೆ ಅಲ್ಲಲ್ಲಿ ಕಣ್ಣಿಗೆ ಕಾಣದ ದೋಷಗಳಿರುತ್ತವೆ. ಚಿಪ್ಪು ದೊಡ್ಡದಾದಷ್ಟೂ ಅದರೊಳಗೆ ದೋಷ ಬೀಳುವ ಸಂಭವ ಹೆಚ್ಚು. ಇದನ್ನು ಬಲ್ಲ ವಿನ್ಯಾಸಕಾರರು ಒಂದು ಜಾಣತನ ಮಾಡಿದರು. ಸೆಲ್‌ನಲ್ಲಿ ಮುಖ್ಯ ಸಂಸ್ಕಾರಕದ ಜೊತೆಗೆ ಎಂಟು ಸಹಾಯಕ ಸಂಸ್ಕಾರಕಗಳಿದ್ದವು. ಪ್ಲೇಸ್ಟೇಷನ್ನಿಗೆ ಏಳು ಸಾಕು ಎಂದು ತೀರ್ಮಾನಿಸಿದರು. ಎಂಟರಲ್ಲಿ ಒಂದು ಕೆಟ್ಟಿದ್ದರೂ ಆ ಚಿಪ್ಪನ್ನು ಎಸೆಯದೆ ಬಳಸಬಹುದಾಯಿತು.

2007ರಲ್ಲಿ ಅದೇ ಚಿಪ್ಪನ್ನು 90 ನ್ಯಾನೋಮೀಟರಿನ ಬದಲು 65 ನ್ಯಾನೋಮೀಟರಿನ ಅಚ್ಚಿನಲ್ಲಿ, 2009ರಲ್ಲಿ 45 ನ್ಯಾನೋಮೀಟರಿನಲ್ಲಿ ಮಾಡಿದರು. ವಿಸ್ತೀರ್ಣ ಸುಮಾರು 175ಕ್ಕೆ, ಆಮೇಲೆ 115 ಚದರ ಮಿಲಿಮೀಟರಿಗೆ ಇಳಿಯಿತು. ಒಂದೇ ಬಿಲ್ಲೆಯಿಂದ ಇಮ್ಮಡಿ ಚಿಪ್ಪುಗಳು. ವಿದ್ಯಾರ್ಥಿಗಳು ಪಠ್ಯದಲ್ಲಿ ಓದಿರುವ ಒಂದು ಸೂತ್ರವನ್ನು ನೆನಪಿಸುತ್ತೇನೆ. ಚಿಪ್ಪು ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ಅದರ ಧಾರಕತೆ (ಕೆಪ್ಯಾಸಿಟೆನ್ಸ್), ವೋಲ್ಟೇಜಿನ ವರ್ಗ ಮತ್ತು ಆವೃತ್ತಿಯ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಟ್ರಾನ್ಸಿಸ್ಟರ್ ಕಿರಿದಾದರೆ ಧಾರಕತೆ ಇಳಿಯುತ್ತದೆ, ಬೇಕಾದ ವೋಲ್ಟೇಜೂ ಇಳಿಯುತ್ತದೆ. ವೇಗ ಮಾತ್ರ ಮೊದಲಿನ 3.2 ಗಿಗಾಹರ್ಟ್ಸ್‌ನಲ್ಲೇ ಉಳಿಯಿತು. ಪಿಸಿಗಳಂತೆ ವರ್ಷವರ್ಷವೂ ವೇಗ ಹೆಚ್ಚಿಸುವ ಹಾಗಿಲ್ಲ. 2006ರ ಆಟ 2012ರ ಯಂತ್ರದಲ್ಲೂ ಅದೇ ರೀತಿ ಓಡಬೇಕು. ಹಾಗಾಗಿ ತಂತ್ರಜ್ಞಾನದ ಲಾಭವೆಲ್ಲ ವ್ಯಾಟು ಮತ್ತು ಖರ್ಚನ್ನು ಇಳಿಸುವುದಕ್ಕೇ ಹೋಯಿತು. ಗೇಮ್ ಕನ್ಸೋಲನ್ನು ಉದಾಹರಣೆಯಾಗಿ ಆರಿಸಿದ್ದಕ್ಕೆ ಇದೇ ಕಾರಣ. ಲೆಕ್ಕಾಚಾರದ ಶಕ್ತಿ ಬದಲಾಗದ ಒಂದೇ ಯಂತ್ರವನ್ನು ಆರೇಳು ವರ್ಷ ಮತ್ತೆ ಮತ್ತೆ ಮಾಡುವುದು ಕಂಪ್ಯೂಟರ್ ಲೋಕದಲ್ಲಿ ಅಪರೂಪ.

ಈಗ ಬರೆದ ವ್ಯಾಟು ಹೇಗೆ ಇಳಿಯುತ್ತ ಬಂತು ನೋಡಿ. 2006ರ ಮಾದರಿಗೆ 380. 2007ರ ಕೊನೆಯ 40 ಜಿಬಿ ಮಾದರಿಗೆ 280. 2009ರ ಸೆಪ್ಟೆಂಬರಿನ ಸ್ಲಿಮ್ ಮಾದರಿಗೆ 250, ಮರುವರ್ಷ ಅದಕ್ಕೇ 230. 2012ರ ಕೊನೆಯ ರೂಪಕ್ಕೆ 190. ನಿಜವಾಗಿ ಎಳೆಯುತ್ತಿದ್ದದ್ದು 200ರ ಆಸುಪಾಸಿನಿಂದ 80ರ ಆಸುಪಾಸಿಗೆ ಬಂತು. ಬೆಲೆ 599 ಡಾಲರಿನಿಂದ ಸ್ಲಿಮ್‌ನ ಹೊತ್ತಿಗೆ 299ಕ್ಕೆ ಇಳಿಯಿತು. ತಯಾರಿಕಾ ಖರ್ಚನ್ನು ಸುಮಾರು ಶೇಕಡಾ 70ರಷ್ಟು ಕಡಿಮೆ ಮಾಡಿದ್ದೇವೆಂದು ಸೋನಿಯ ಹಣಕಾಸು ಮುಖ್ಯಸ್ಥರು 2009ರ ಜುಲೈನಲ್ಲಿ ಹೇಳಿದರು.

ವ್ಯಾಟು ಇಳಿದದ್ದರಿಂದ ಖರ್ಚು ಹೇಗೆ ಇಳಿಯುತ್ತದೆ ಎಂಬುದಕ್ಕೆ ಚಿಪ್ಪೊಂದೇ ಉತ್ತರವಲ್ಲ. ಎಳೆದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಶಾಖ ಕಡಿಮೆಯಾದರೆ ತಾಮ್ರದ, ಅಲ್ಯುಮಿನಿಯಮಿನ ಹೀಟ್ ಸಿಂಕ್ ಕಿರಿದಾಗುತ್ತದೆ. ಫ್ಯಾನ್ ಸಣ್ಣದಾಗುತ್ತದೆ. ಸಪ್ಲೈ ಸಣ್ಣದಾಗುತ್ತದೆ. ಐದು ಕಿಲೋ ಇದ್ದ ಪೆಟ್ಟಿಗೆ ಸ್ಲಿಮ್‌ನಲ್ಲಿ ಮೂರು ಕಿಲೋ ಚಿಲ್ಲರೆಗೆ ಬಂತು. ಪೆಟ್ಟಿಗೆ ಕಿರಿದಾದರೆ ಹಡಗಿನ ಒಂದು ಕಂಟೇನರಿನಲ್ಲಿ ಹೆಚ್ಚು ಪೆಟ್ಟಿಗೆ ಹಿಡಿಯುತ್ತವೆ. ಮೊದಲ ಮಾದರಿಗೆ ಅರ್ತಿಂಗ್ ಇರುವ ಮೂರು ಪಿನ್ನಿನ ದಪ್ಪ ವಯರ್ ಬೇಕಿತ್ತು, ಸ್ಲಿಮ್‌ಗೆ ಟೇಪ್ ರೆಕಾರ್ಡರಿನಂಥ ಎರಡು ಪಿನ್ನಿನ ವಯರ್ ಸಾಕಾಯಿತು. ಇವೆಲ್ಲ ಒಂದೊಂದೂ ಕೆಲವೇ ಡಾಲರಿನ ಉಳಿತಾಯ. ಆದರೆ ಆ ಯಂತ್ರ ಒಟ್ಟು ಎಂಟು ಕೋಟಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಶಾಖವನ್ನು ಸರಿಯಾಗಿ ನಿಭಾಯಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎಕ್ಸ್‌ಬಾಕ್ಸ್ 360 ಸಾಕ್ಷಿ. ಬಿಸಿಯಾಗುವುದು, ತಣಿಯುವುದು, ಮತ್ತೆ ಬಿಸಿಯಾಗುವುದು ಹೀಗೆಯೇ ನಡೆದು ಚಿಪ್ಪಿನ ಬೆಸುಗೆಗಳು ಬಿರುಕುಬಿಟ್ಟವು. ಯಂತ್ರದ ಮುಂಭಾಗದಲ್ಲಿ ಮೂರು ಕೆಂಪು ದೀಪ ಹತ್ತಿದರೆ ಅದರ ಆಯುಸ್ಸು ಮುಗಿಯಿತೆಂದು ಆಡುವವರೆಲ್ಲ ತಿಳಿದಿದ್ದರು. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಇದಕ್ಕಾಗಿ ಮೂರು ವರ್ಷಗಳ ವಾರಂಟಿ ಕೊಟ್ಟು, ಆ ಲೆಕ್ಕಕ್ಕೆ ನೂರು ಕೋಟಿ ಡಾಲರಿಗೂ ಹೆಚ್ಚು ಹಣವನ್ನು ತೆಗೆದಿರಿಸಿತು. ವ್ಯಾಟಿನ ಬಗ್ಗೆ ಮಾಡಿದ ಅಲಕ್ಷ್ಯ ಮುಂದೆ ಖರ್ಚಿನ ಪುಟಕ್ಕೆ ಬಂದು ಕುಳಿತಿತು.

ನಷ್ಟಕ್ಕೆ ಮಾರಿ ಕಂಪನಿ ಬದುಕುವುದು ಹೇಗೆ ಎಂದು ನೀವು ಕೇಳುತ್ತೀರಿ. ಪೆಟ್ಟಿಗೆಯ ಮೇಲಿನ ನಷ್ಟವನ್ನು ಆಟದ ಡಿಸ್ಕುಗಳ ಮೇಲಿನ ರಾಯಧನದಿಂದ ತುಂಬಿಕೊಳ್ಳುವುದು ಈ ಉದ್ಯಮದ ಪದ್ಧತಿ. ಆಟ ಕೊಳ್ಳದೆ ಪೆಟ್ಟಿಗೆಯನ್ನು ಮಾತ್ರ ಕೊಂಡವರಿಗೆ ಅದು ನಿಜವಾದ ಲಾಭ. ಅಮೆರಿಕದ ವಾಯುಸೇನೆಯ ಪ್ರಯೋಗಾಲಯ 2010ರಲ್ಲಿ ಸುಮಾರು 1,760 ಪ್ಲೇಸ್ಟೇಷನ್ 3ಗಳನ್ನು ಜೋಡಿಸಿ ‘ಕಾಂಡೋರ್’ ಎಂಬ ಸೂಪರ್ ಕಂಪ್ಯೂಟರ್ ಕಟ್ಟಿತು. ಒಟ್ಟು ಖರ್ಚು ಸುಮಾರು 20 ಲಕ್ಷ ಡಾಲರ್. ಅಷ್ಟೇ ಶಕ್ತಿಯ ಸಾಂಪ್ರದಾಯಿಕ ಯಂತ್ರಕ್ಕೆ ಅದರ ಎಷ್ಟೋ ಪಟ್ಟು ಬೇಕಾಗುತ್ತಿತ್ತು.

ಆ ಲಾಭ ನಮ್ಮ ಬಂಟ್ವಾಳದ ಬಿ.ಸಿ.ರೋಡಿನವರೆಗೆ ಬಂತೇ? ಬರಲಿಲ್ಲ. ಪ್ಲೇಸ್ಟೇಷನ್ 3 ಭಾರತಕ್ಕೆ 2007ರ ಏಪ್ರಿಲಿನಲ್ಲಿ ಬಂದಾಗ ಬೆಲೆ 39,990 ರೂಪಾಯಿ. ಆಗ ಡಾಲರಿಗೆ ಸುಮಾರು 41 ರೂಪಾಯಿ. ಅಮೆರಿಕದ ಬೆಲೆ ನಮ್ಮ ಲೆಕ್ಕದಲ್ಲಿ 25,000ದ ಒಳಗೆ. ಐಸಪ್ಲೈ ಹೇಳಿದ ತಯಾರಿಕಾ ಖರ್ಚೇ ಸುಮಾರು 34,500. ಅಮೆರಿಕದವರು ಖರ್ಚಿಗಿಂತ ಕಡಿಮೆಗೆ ಪಡೆದ ವಸ್ತುವನ್ನು ನಾವು ಖರ್ಚಿಗಿಂತ ಹೆಚ್ಚು ಕೊಟ್ಟು ಪಡೆದೆವು. ನಡುವೆ ಆಮದು ಸುಂಕ, ತೆರಿಗೆ, ಸಾಗಣೆ, ವಿತರಕರ ಪಾಲು ಇವೆ. ಜಿಎಸ್‌ಟಿ ಬಂದ ಮೇಲೆ ಕನ್ಸೋಲ್‌ಗಳನ್ನು ಶೇಕಡಾ 28ರ ಪಟ್ಟಿಗೆ ಸೇರಿಸಿದ್ದರು. 2019ರ ಜನವರಿ 1ರಿಂದ ಅದು 18ಕ್ಕೆ ಇಳಿಯಿತು. ಪ್ಲೇಸ್ಟೇಷನ್ 2ರ ಕಾಲದಲ್ಲಿ ನಮ್ಮ ದೇಶದಲ್ಲಿ ಕಳ್ಳ ಡಿಸ್ಕುಗಳ ವ್ಯಾಪಾರ ಅಷ್ಟು ಹಬ್ಬಿದ್ದಕ್ಕೆ ಇಂಥ ಬೆಲೆಗಳೂ ಒಂದು ಕಾರಣ ಎಂದು ನಾನು ಭಾವಿಸುತ್ತೇನೆ. ಅದನ್ನು ಸಮರ್ಥಿಸಲು ಈ ಮಾತಲ್ಲ. ಆದರೆ ಡಿಸ್ಕಿನ ರಾಯಧನದಿಂದ ಪೆಟ್ಟಿಗೆಯ ನಷ್ಟ ತುಂಬುವ ವ್ಯವಸ್ಥೆ ಇಂಥ ನೆಲದಲ್ಲಿ ಬೇರು ಬಿಡುವುದಿಲ್ಲ. ಹಾಗಾಗಿ ಇಲ್ಲಿ ಅಗ್ಗಕ್ಕೆ ಮಾರಲು ಕಂಪನಿಗಳಿಗೂ ಉತ್ಸಾಹವಿರಲಿಲ್ಲ.

ಮೂರನೆಯ ಭಾಗವನ್ನು ಚಿಕ್ಕದಾಗಿಯೇ ಹೇಳುತ್ತೇನೆ. ಇಂಥ ಯಂತ್ರವನ್ನು ನಮ್ಮವರು ಮಾಡಲಾರರೇ?

ಕರ್ನಾಟಕದಲ್ಲಿ ಅತ್ಯಂತ ಹತ್ತಿರದ ಪ್ರಯತ್ನ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್ಕೋರ್ ಸಂಸ್ಥೆಯವರು ಸೇರಿ ರೂಪಿಸಿದ ಅಂಗೈಯ ಕಂಪ್ಯೂಟರ್ ಅದು. 2001ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಅನಾವರಣವಾಯಿತು. ಅಕ್ಷರ ಬಾರದ ರೈತನೂ ಬಳಸಬಹುದಾದ, ಸುಮಾರು 9,000 ರೂಪಾಯಿಯ, ಸಣ್ಣ ಬ್ಯಾಟರಿಯಲ್ಲಿ ಓಡುವ ಯಂತ್ರ ಎಂಬುದು ಅವರ ಕನಸು. ವಿದ್ಯುತ್ತನ್ನು ಅತಿ ಕಡಿಮೆ ಬಳಸುವ ಸ್ಟ್ರಾಂಗ್‌ಆರ್ಮ್ ಚಿಪ್ಪನ್ನು ಆರಿಸಿದ್ದು ಅದಕ್ಕಾಗಿಯೇ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡ’ ಎಂಬ ರೂಪ ಮಾರುಕಟ್ಟೆಗೆ ಬಂತು. ಅದನ್ನು ಕೈಯಲ್ಲಿ ವಾಲಿಸಿ ಆಡಬಹುದಾದ ಆಟಗಳೂ ಇದ್ದವು. ಕೈಚಲನೆಯಿಂದ ಆಡಿಸುವ ನಿಂಟೆಂಡೊ ವೀ ಬಂದದ್ದು ಅದಾಗಿ ಎರಡು ವರ್ಷಕ್ಕೆ. ವಿನ್ಯಾಸದಲ್ಲಿ ನಮ್ಮವರು ಹಿಂದಿರಲಿಲ್ಲ ಎಂದು ಹೆಮ್ಮೆಯಿಂದ ಹೇಳಬಲ್ಲೆ.

ಸೋತದ್ದು ಸಂಖ್ಯೆಯಲ್ಲಿ. ಸಿಂಪ್ಯೂಟರ್ ಮಾರಾಟವಾದದ್ದು ಕೆಲವು ಸಾವಿರ. ಫ್ಯಾಮಿಕಾಮ್‌ಗೆ ಚಿಪ್ಪು ಬೇಕಾದಾಗ ನಿಂಟೆಂಡೊದ ಅಧ್ಯಕ್ಷ ಹಿರೋಶಿ ಯಾಮಾಉಚಿ, ಚಿಪ್ಪೊಂದಕ್ಕೆ 2,000 ಯೆನ್‌ನಂತೆ ಕೊಟ್ಟರೆ ಎರಡು ವರ್ಷದಲ್ಲಿ 30 ಲಕ್ಷ ಚಿಪ್ಪು ಕೊಳ್ಳುತ್ತೇನೆಂದು ರಿಕೋ ಕಂಪನಿಗೆ ಮಾತು ಕೊಟ್ಟಿದ್ದರು. ಆಗಿನ್ನೂ ಒಂದು ಯಂತ್ರವೂ ಮಾರಾಟವಾಗಿರಲಿಲ್ಲ. ಕೊನೆಗೆ ಆ ಯಂತ್ರ ಜಗತ್ತಿನಾದ್ಯಂತ ಆರು ಕೋಟಿಗೂ ಹೆಚ್ಚು ಮಾರಾಟವಾಯಿತು. ಅಷ್ಟು ದೊಡ್ಡ ಖರೀದಿಯ ಮಾತು ಕೊಡಬಲ್ಲ ಒಬ್ಬ ಗಿರಾಕಿ ಸಿಂಪ್ಯೂಟರಿಗೆ ಸಿಗಲಿಲ್ಲ. ನಮ್ಮ ಸರ್ಕಾರಗಳು ಶಾಲೆಗಳಿಗಾಗಿ, ಪಂಚಾಯತಿಗಳಿಗಾಗಿ ಆ ಮಾತು ಕೊಡಬಹುದಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಧ್ರುವ ಇಂಟರ್‌ಆಕ್ಟಿವ್ ಸಂಸ್ಥೆಯವರು ದೊಡ್ಡ ದೊಡ್ಡ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟು ಹೆಸರು ಗಳಿಸಿದರು. 2019ರಲ್ಲಿ ಆ ಸಂಸ್ಥೆಯನ್ನು ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿ ಕೊಂಡಿತು. ಆಟದ ಒಳಗಿನದನ್ನು ಮಾಡುವ ಕೈಗಳು ನಮ್ಮಲ್ಲಿವೆ. ಪೆಟ್ಟಿಗೆ ಮಾಡಲು ಬೇಕಾದ ಸಂಖ್ಯೆಯ ಧೈರ್ಯ ನಮಗೆ ಬರಬೇಕಾಗಿದೆ.

ಮುಗಿಸುವ ಮೊದಲು ಇತ್ತೀಚಿನ ಸ್ಥಿತಿಯ ಬಗ್ಗೆ ಒಂದು ಮಾತು. ಪ್ಲೇಸ್ಟೇಷನ್ 5 ಭಾರತಕ್ಕೆ 2021ರ ಫೆಬ್ರವರಿ 2ರಂದು 49,990 ರೂಪಾಯಿಗೆ ಬಂತು. ಬರೆದ ವ್ಯಾಟು 350, ಭಾರವಾದ ಆಟದಲ್ಲಿ ಎಳೆಯುವುದು 200ರ ಆಸುಪಾಸು. ಮರುವರ್ಷ ಅದರ ಚಿಪ್ಪು ಕಿರಿದಾಯಿತು, ವ್ಯಾಟು ತುಸು ಇಳಿಯಿತು. ಬೆಲೆ ಮಾತ್ರ 2022ರ ನವೆಂಬರಿನಲ್ಲಿ 54,990ಕ್ಕೆ ಏರಿತು. ಹಿಂದೆ ಚಿಪ್ಪು ಕಿರಿದಾದರೆ ಅದರ ಖರ್ಚೂ ಸಹಜವಾಗಿ ಇಳಿಯುತ್ತಿತ್ತು. ಈಗ ಹೊಸ ಅಚ್ಚಿನ ಬಿಲ್ಲೆಗಳೇ ದುಬಾರಿಯಾಗುತ್ತ ಬಂದಿವೆ. ಕಾದರೆ ಅಗ್ಗವಾಗುತ್ತದೆ ಎಂಬ ನಮ್ಮ ಹಳೆಯ ನಂಬಿಕೆ ಇನ್ನು ನಡೆಯದಿರಬಹುದು. ಇದ್ದ ಯಂತ್ರವನ್ನು ಉಳಿಸಿಕೊಳ್ಳುವುದಕ್ಕೆ ಆದ್ದರಿಂದಲೇ ಬೆಲೆ ಬಂದಿದೆ. ಧೂಳು ತೆಗೆಯುವುದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸುವುದು, ಫ್ಯಾನ್ ಹಾಕುವುದು ನಮ್ಮ ಹುಡುಗ ಹುಡುಗಿಯರು ಕಲಿತು ಜೀವನ ಮಾಡಬಹುದಾದ ಕೆಲಸ. 1982ರಿಂದ ಸ್ವಂತ ಉದ್ಯೋಗದ ತರಬೇತಿ ಕೊಡುತ್ತಿರುವ ರುಡ್‌ಸೆಟ್ ಸಂಸ್ಥೆ ಉಜಿರೆಯಲ್ಲೇ ಇದೆ. ಅಲ್ಲಿಯ ರಿಪೇರಿ ತರಬೇತಿಗಳ ಜೊತೆಗೆ ಈ ಯಂತ್ರಗಳಿಗೂ ಒಂದು ಸ್ಥಾನ ಸಿಗಲಿ ಎಂಬುದು ನನ್ನ ವಿನಂತಿ.

ಇನ್ನೊಂದು ವಿನಂತಿ ಮಿಜಾರು, ಉಜಿರೆ, ಬಂಟ್ವಾಳದ ಎಂಜಿನಿಯರಿಂಗ್ ಮತ್ತು ವಿಜ್ಞಾನ ವಿದ್ಯಾರ್ಥಿಗಳಿಗೆ. ಪ್ಲಗ್ಗಿಗೂ ಉಪಕರಣಕ್ಕೂ ನಡುವೆ ಸಿಕ್ಕಿಸುವ ಸಣ್ಣ ವ್ಯಾಟ್ ಮೀಟರ್ ದುಬಾರಿಯಲ್ಲ, ಕಾಲೇಜಿಗೆ ಐದಾರು ಸಾಕು. ನಿಮ್ಮ ಊರಿನ ಮನೆಗಳಿಗೆ ಹೋಗಿ, ಮನೆಯವರ ಒಪ್ಪಿಗೆ ಪಡೆದು, ಕನ್ಸೋಲ್ ಆರಿಸಿ ಪ್ಲಗ್ಗಿನಲ್ಲೇ ಬಿಟ್ಟಾಗ ಎಷ್ಟು, ಮೆನುವಿನಲ್ಲಿ ನಿಂತಾಗ ಎಷ್ಟು, ಆಡುವಾಗ ಎಷ್ಟು, ಸಿನಿಮಾ ನೋಡುವಾಗ ಎಷ್ಟು ಎಂದು ಅಳೆಯಿರಿ. ಆ ಹೊತ್ತಿನ ವೋಲ್ಟೇಜನ್ನೂ ಬರೆದುಕೊಳ್ಳಿ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಅಳೆಯಿರಿ. ಮಾದರಿಯ ಸಂಖ್ಯೆ ಬರೆಯದಿದ್ದರೆ ಅಳತೆಗೆ ಬೆಲೆಯಿಲ್ಲ. ಒಂದೇ ಹೆಸರಿನ ಯಂತ್ರ 200 ವ್ಯಾಟಿನದ್ದೂ ಆಗಬಹುದು, 80 ವ್ಯಾಟಿನದ್ದೂ ಆಗಬಹುದು. ಆ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಮಾಡಿ ಮೂರು ತಾಲೂಕುಗಳ ಗ್ರಂಥಾಲಯಗಳಿಗೆ ಕೊಡಿ. ಇನ್ವರ್ಟರ್ ಕೊಳ್ಳುವವರಿಗೆ, ಹಳೆಯ ಕನ್ಸೋಲ್ ಕೊಳ್ಳುವವರಿಗೆ, ಬಿಲ್ಲು ಏಕೆ ಏರಿತೆಂದು ತಿಳಿಯಬಯಸುವ ತಾಯಂದಿರಿಗೆ ಅದು ಕೈಗೆ ಸಿಗಬೇಕು. ಅಳತೆಯ ಕ್ರಮದಲ್ಲಿ ಸಹಾಯ ಬೇಕಾದವರ ಜೊತೆ ಕುಳಿತುಕೊಳ್ಳಲು ನಾನು ಸಿದ್ಧನಿದ್ದೇನೆ.